ಮರೆಯಲೊಲ್ಲದ ಬಿಲ್ಲೆಗಳ ಬೀದಿ

೧೫೩೭ರಲ್ಲಿ ಕೆಂಪೇಗೌಡರು ಬೆಂಗಳೂರಿನ ಪೇಟೆಯನ್ನು ಕಟ್ಟಿಸಿದಾಗ ಒಂದೊಂದು ಕಸುಬಿಗೆ ಒಂದೊಂದು ಕೇರಿಯನ್ನು ಬಿಟ್ಟುಕೊಟ್ಟರೆಂಬುದು ಊರಿನ ಹಿರಿಯರೆಲ್ಲರೂ ಬಲ್ಲ ಮಾತು. ಅಕ್ಕಿಯ ವ್ಯಾಪಾರಕ್ಕೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಮಡಕೆ ಮಾಡುವವರಿಗೆ ಕುಂಬಾರಪೇಟೆ, ಎಣ್ಣೆ ತೆಗೆಯುವವರಿಗೆ ಗಾಣಿಗರಪೇಟೆ, ನಗರ್ತ ವರ್ತಕರಿಗೆ ನಗರ್ತಪೇಟೆ. ಕಾಲ ಉರುಳಿದಂತೆ ಕಸುಬುಗಳು ಸ್ಥಳ ಬದಲಾಯಿಸಿದವು. ಹೆಸರುಗಳು ಮಾತ್ರ ಉಳಿದುಕೊಂಡವು. ಆದರೂ ಒಂದು ಸರಕಿಗೆ ಒಂದು ಬೀದಿ ಎಂಬ ಹಳೆಯ ಪದ್ಧತಿ ಈ ನಗರವನ್ನು ಬಿಟ್ಟು ಹೋಗಿಲ್ಲ. ರೇಷ್ಮೆ ಸೀರೆ ಬೇಕಾದವರು ಇಂದಿಗೂ ಚಿಕ್ಕಪೇಟೆಗೆ ಹೋಗುತ್ತಾರೆ. ಪುಸ್ತಕ, ಕಾಗದ ಬೇಕಾದವರು ಅವೆನ್ಯೂ ರಸ್ತೆಗೆ ಹೋಗುತ್ತಾರೆ. ಕೆಟ್ಟುಹೋದ ನೆನಪನ್ನು ರಿಪೇರಿ ಮಾಡಿಸಿಕೊಳ್ಳಬೇಕಾದವರು ಎಲ್ಲಿಗೆ ಹೋಗಬೇಕು? ಅಂಥವರಿಗೂ ಬೆಂಗಳೂರಿನಲ್ಲಿ ಒಂದು ಬೀದಿ ಉಂಟು. ಅದೇ ಸಾದರ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಎಸ್. ಪಿ. ರೋಡು.

ನೆನಪು ಎಂದರೆ ಇಲ್ಲಿ ಕವಿಗಳು ಹೇಳುವ ನೆನಪಲ್ಲ. ಹೆಬ್ಬೆರಳಿನ ಉಗುರಿನಷ್ಟಗಲದ ಕಪ್ಪು ಬಿಲ್ಲೆಯೊಳಗೆ ಅಡಗಿ ಕುಳಿತಿರುವ ನೆನಪು. ಕ್ಯಾಮರಾದಲ್ಲಿ, ಮೊಬೈಲ್ ಫೋನಿನಲ್ಲಿ, ಬಾಗಿಲ ಮೇಲಿನ ಕಾವಲು ಕ್ಯಾಮರಾದಲ್ಲಿ, ಬಾಡಿಗೆ ಕಾರಿನ ಗಾಜಿನ ಹಿಂದೆ ಇಟ್ಟ ಪುಟ್ಟ ಯಂತ್ರದಲ್ಲಿ ಹಗಲಿರುಳೂ ದುಡಿಯುವ ಮೆಮೊರಿ ಕಾರ್ಡು. ಅದು ಒಂದು ದಿನ ಇದ್ದಕ್ಕಿದ್ದಂತೆ ಹಟ ಹಿಡಿಯುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿ ಫಾರ್ಮ್ಯಾಟ್ ಮಾಡಹೊರಟರೆ, ಪೂರ್ಣಗೊಳಿಸಲು ಆಗಲಿಲ್ಲವೆಂಬ ಒಂದು ಸಾಲು ತೆರೆಯ ಮೇಲೆ ಮೂಡುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ ಸಾಲು. ಮನೆಯ ಹುಡುಗರು ಹತ್ತು ಸಲ ಪ್ರಯತ್ನಿಸಿ ಸೋತ ಮೇಲೆ ಆ ಬಿಲ್ಲೆ ಒಂದು ಕಾಗದದ ಮಡಿಕೆಯಲ್ಲೋ ಪರ್ಸಿನ ಮೂಲೆಯಲ್ಲೋ ಕುಳಿತು ಎಸ್. ಪಿ. ರಸ್ತೆಯ ದಾರಿ ಹಿಡಿಯುತ್ತದೆ.

ಬೀದಿಯ ನೋಟ

೧೯೩೫ರಲ್ಲಿ ಕಟ್ಟಿದ ಪುಟ್ಟಣ್ಣ ಚೆಟ್ಟಿ ಪುರಭವನದ ಬಿಳಿಯ ಕಂಬಗಳ ಮುಂದಿನಿಂದ ಹೊರಟರೆ ಈ ರಸ್ತೆ ನಡೆದು ಹೋಗುವಷ್ಟು ಹತ್ತಿರ. ೨೦೧೭ರಿಂದ ಮೆಟ್ರೋ ರೈಲು ನೆಲದಡಿಯಲ್ಲಿ ಓಡುತ್ತಿರುವುದರಿಂದ ಚಿಕ್ಕಪೇಟೆಯ ನಿಲ್ದಾಣದಲ್ಲಿ ಇಳಿದು ಬರುವವರೂ ಉಂಟು. ಹೇಗೆ ಬಂದರೂ ಕೊನೆಯ ನೂರು ಗಜ ಕಾಲ್ನಡಿಗೆಯೇ ಲೇಸು. ಕಾರು ತಂದವನು ಅದನ್ನು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆಯಬೇಕಾದೀತು.

ರಸ್ತೆ ಅಗಲವಾದದ್ದಲ್ಲ. ಎರಡು ಪಕ್ಕದಲ್ಲಿಯೂ ಅಂಗಡಿಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಕೆಳಗೊಂದು, ಅದರ ತಲೆಯ ಮೇಲೊಂದು, ಒಳಗಿನ ಕಿರುದಾರಿಯಲ್ಲಿ ಮತ್ತೆ ನಾಲ್ಕು. ಒಂದು ಕಡೆ ನಟ್ಟು, ಬೋಲ್ಟು, ವಿದ್ಯುತ್ ಸಾಮಗ್ರಿಗಳ ಹಳೆಯ ಅಂಗಡಿಗಳು; ಮತ್ತೊಂದು ಕಡೆ ಕಂಪ್ಯೂಟರ್, ಕೀಲಿಮಣೆ, ತಂತಿಗಳ ಸುರುಳಿ, ಬಣ್ಣಬಣ್ಣದ ಪುಟ್ಟ ದೀಪಗಳು, ಪೊಟ್ಟಣ ಕಟ್ಟಿದ ರೆಸಿಸ್ಟರುಗಳು. ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಪ್ರಾಜೆಕ್ಟಿನ ಪಟ್ಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿರುತ್ತಾರೆ. ತಲೆಯ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತ ಕೂಲಿಯಾಳು ‘ಸೈಡ್, ಸೈಡ್’ ಎನ್ನುತ್ತ ಗುಂಪಿನ ನಡುವೆ ನುಸುಳಿಹೋಗುತ್ತಾನೆ. ಕನ್ನಡ, ಹಿಂದಿ, ತಮಿಳು, ಉರ್ದು, ಮಾರವಾಡಿ ಎಲ್ಲವೂ ಒಂದೇ ಕೌಂಟರಿನಲ್ಲಿ ಕೇಳಿಬರುತ್ತವೆ. ಬೆಲೆಯ ಚೌಕಾಸಿ ಒಂದು ಭಾಷೆಯಲ್ಲಿ ಮೊದಲಾಗಿ ಮತ್ತೊಂದರಲ್ಲಿ ಮುಗಿಯುವುದು ಇಲ್ಲಿ ಸೋಜಿಗವಲ್ಲ.

ಈ ಗದ್ದಲದ ನಡುವೆ ಗಾಜಿನ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು, ದೀಪದ ಕೆಳಗೆ ತಲೆ ಬಗ್ಗಿಸಿ ಕುಳಿತ ಯುವಕರು ಅಲ್ಲಲ್ಲಿ ಕಾಣಸಿಗುತ್ತಾರೆ. ಎದುರಿಗೆ ಒಂದು ಕಂಪ್ಯೂಟರ್, ಎರಡು ಮೂರು ಬಗೆಯ ಕಾರ್ಡ್ ರೀಡರುಗಳು, ಒಂದು ಭೂತಗನ್ನಡಿ, ಬೆಸುಗೆ ಹಾಕುವ ಕೋಲು, ಒಂದು ಶಾಲೆಯ ರಬ್ಬರು. ಮೆಮೊರಿ ಕಾರ್ಡಿನ ವೈದ್ಯಕ್ಕೆ ಬಹುಪಾಲು ಇಷ್ಟೇ ಸಲಕರಣೆ ಸಾಕು. ಉಳಿದದ್ದು ತಾಳ್ಮೆ.

ಬಿಲ್ಲೆಯ ಜನ್ಮವೃತ್ತಾಂತ

ರೋಗವನ್ನು ತಿಳಿಯಬೇಕಾದರೆ ರೋಗಿಯ ಕುಲಗೋತ್ರವನ್ನು ಅರಿಯುವುದು ಒಳ್ಳೆಯದು. ಈ ಬಿಲ್ಲೆಯ ತವರು ಜಪಾನು. ತೊಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಎಂಬ ಇಂಜಿನಿಯರರು ೧೯೮೪ರಲ್ಲಿ ಒಂದು ಹೊಸ ಬಗೆಯ ಸ್ಮೃತಿಕೋಶವನ್ನು ಜಗತ್ತಿನ ಮುಂದಿಟ್ಟರು. ವಿದ್ಯುತ್ತು ನಿಂತರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಅಳಿಸಬೇಕೆಂದಾಗ ಒಂದು ಇಡೀ ಭಾಗವನ್ನು ಒಮ್ಮೆಗೇ ಅಳಿಸಬಹುದು. ಹೀಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲವೂ ಅಳಿಯುವುದನ್ನು ಕಂಡ ಸಹೋದ್ಯೋಗಿ ಷೋಜಿ ಅರಿಯಿಜುಮಿ ಅವರಿಗೆ ಕ್ಯಾಮರಾದ ಮಿಂಚುದೀಪ ನೆನಪಾಯಿತಂತೆ. ಹಾಗಾಗಿ ಅದಕ್ಕೆ ‘ಫ್ಲ್ಯಾಷ್’ ಎಂದೇ ಹೆಸರಾಯಿತು. ನೆನಪಿಡುವ ವಸ್ತುವಿಗೆ ಅದರ ಮರೆಯುವ ಗುಣದಿಂದ ಹೆಸರು ಬಂದದ್ದು ಒಂದು ಸ್ವಾರಸ್ಯ.

೧೯೯೯ರಲ್ಲಿ ಮತ್ಸುಷಿತ, ತೊಷಿಬಾ, ಸ್ಯಾನ್‌ಡಿಸ್ಕ್ ಎಂಬ ಮೂರು ಕಂಪನಿಗಳು ಸೇರಿ ಎಸ್. ಡಿ. ಕಾರ್ಡನ್ನು ರೂಪಿಸಿದವು. ಮರುವರ್ಷ ಮಾರುಕಟ್ಟೆಗೆ ಬಂದ ಕಾರ್ಡುಗಳು ೩೨ ಮತ್ತು ೬೪ ಮೆಗಾಬೈಟಿನವು. ಇಂದು ಒಬ್ಬ ಸಾಮಾನ್ಯ ಗೃಹಸ್ಥ ಕೊಳ್ಳುವ ೬೪ ಗಿಗಾಬೈಟಿನ ಕಾರ್ಡು ಅದರ ಸಾವಿರ ಪಾಲು ದೊಡ್ಡದು. ಒಂದು ಕಾಲದಲ್ಲಿ ಕಂಪ್ಯೂಟರಿನ ಕಡತಗಳನ್ನು ಹೊತ್ತು ತಿರುಗುತ್ತಿದ್ದ ಫ್ಲಾಪಿ ಬಿಲ್ಲೆಗಳಾದರೆ ಇಷ್ಟನ್ನು ತುಂಬಲು ನಾಲ್ವತ್ತು ಸಾವಿರಕ್ಕೂ ಹೆಚ್ಚು ಬೇಕಾದಾವು. ೨೦೦೫ರಲ್ಲಿ ಬಂದ ಮೈಕ್ರೊ ಎಸ್. ಡಿ. ಎಂಬ ಕಿರಿಯ ತಮ್ಮ ಹದಿನೈದು ಮಿಲಿಮೀಟರ್ ಉದ್ದ, ಹನ್ನೊಂದು ಮಿಲಿಮೀಟರ್ ಅಗಲ. ಅಣ್ಣನ ಆಕಾರದ ಅಡಾಪ್ಟರಿನೊಳಗೆ ಕುಳಿತರೆ ಅಣ್ಣನಂತೆಯೇ ನಡೆದುಕೊಳ್ಳುತ್ತಾನೆ.

ಒಳಗಿನ ಮರ್ಮವೂ ಕೇಳತಕ್ಕದ್ದೇ. ಬಿಲ್ಲೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿವೆ. ಒಂದೊಂದು ಕೋಶವೂ ಒಂದು ಪುಟ್ಟ ಬಾವಿ ಎಂದುಕೊಳ್ಳಬಹುದು. ಅದರಲ್ಲಿ ವಿದ್ಯುತ್ ಕಣಗಳನ್ನು ತುಂಬಿದರೆ ಒಂದು ಅರ್ಥ, ಬರಿದು ಮಾಡಿದರೆ ಇನ್ನೊಂದು. ಕಣಗಳು ತಾವಾಗಿ ಹೊರಕ್ಕೆ ಓಡಿಹೋಗದಂತೆ ಸುತ್ತಲೂ ಒಂದು ತೆಳ್ಳನೆಯ ಗೋಡೆ. ಪ್ರತಿ ಸಲ ಬರೆದು ಅಳಿಸುವಾಗಲೂ ಆ ಗೋಡೆ ಕೊಂಚ ಕೊಂಚ ಸವೆಯುತ್ತದೆ. ಕೆಲವು ನೂರರಿಂದ ಕೆಲವು ಸಾವಿರ ಸಲ ಬರೆದು ಅಳಿಸುವಷ್ಟು ಮಾತ್ರ ಸಾಮಾನ್ಯ ಕೋಶದ ಆಯುಷ್ಯ. ಹಲಗೆಯ ಮೇಲೆ ಬರೆದು ಒರೆಸಿ, ಬರೆದು ಒರೆಸಿ ಕೊನೆಗೆ ಹಲಗೆಯೇ ಸವೆದುಹೋಗುವ ಹಾಗೆ. ಇಷ್ಟು ಕೋಶಗಳ ಯೋಗಕ್ಷೇಮವನ್ನು ನೋಡಿಕೊಳ್ಳಲು ಕಾರ್ಡಿನೊಳಗೇ ಕಂಟ್ರೋಲರ್ ಎಂಬ ಪುಟ್ಟ ಶಾನುಭೋಗನಿದ್ದಾನೆ. ಯಾವ ಕೋಶ ಕೆಟ್ಟಿತು, ಅದಕ್ಕೆ ಬದಲಾಗಿ ಯಾವುದನ್ನು ಬಳಸಬೇಕು ಎಂಬ ಲೆಕ್ಕವೆಲ್ಲ ಅವನದು.

ಪರೀಕ್ಷೆಯ ಕ್ರಮ

ಫಾರ್ಮ್ಯಾಟ್ ಎಂದರೆ ಏನು? ಬಹಳ ಜನ ಅದನ್ನು ಪೂರಾ ತೊಳೆದು ಒಣಗಿಸುವುದೆಂದು ತಿಳಿದಿದ್ದಾರೆ. ಸಾಮಾನ್ಯವಾಗಿ ಮಾಡುವ ಶೀಘ್ರ ಫಾರ್ಮ್ಯಾಟಿನಲ್ಲಿ ನಡೆಯುವುದು ಅಷ್ಟಲ್ಲ. ಪುಸ್ತಕದ ಮೊದಲಿನ ವಿಷಯಸೂಚಿಯನ್ನು ಹರಿದುಹಾಕಿ ಖಾಲಿ ಸೂಚಿಯೊಂದನ್ನು ಅಂಟಿಸುವುದು, ಅಷ್ಟೇ. ಒಳಗಿನ ಪುಟಗಳು ಹೊಸ ಬರಹ ಬೀಳುವವರೆಗೂ ಬಹುಪಾಲು ಹಾಗೆಯೇ ಇರುತ್ತವೆ. ಕಂಪ್ಯೂಟರು ಆ ಹೊಸ ಸೂಚಿಯನ್ನು ಬರೆಯಹೋಗಿ ಬರೆಯಲಾಗದೆ ನಿಂತಾಗ ಸೋಲಿನ ಸಾಲು ತೆರೆಯ ಮೇಲೆ ಮೂಡುತ್ತದೆ. ಏಕೆ ಬರೆಯಲಾಗಲಿಲ್ಲ ಎಂಬುದನ್ನು ಹುಡುಕುವುದೇ ವೈದ್ಯ.

ಎಸ್. ಪಿ. ರಸ್ತೆಯ ಅನುಭವಸ್ಥನು ಮೊದಲು ಕೈಯಿಡುವುದು ಕಂಪ್ಯೂಟರಿನ ಮೇಲಲ್ಲ, ಕಾರ್ಡಿನ ಅಂಚಿನ ಮೇಲೆ. ದೊಡ್ಡ ಎಸ್. ಡಿ. ಕಾರ್ಡಿಗೂ ಅಡಾಪ್ಟರಿಗೂ ಎಡಬದಿಯಲ್ಲಿ ಒಂದು ಪುಟ್ಟ ಜಾರುಗುಂಡಿ ಇರುತ್ತದೆ. ಅದು ಕೆಳಕ್ಕೆ ಜಾರಿದ್ದರೆ ಬೀಗ ಹಾಕಿದಂತೆ, ಓದಬಹುದು, ಬರೆಯುವಂತಿಲ್ಲ. ಜೇಬಿನಿಂದ ತೆಗೆಯುವಾಗಲೋ ಸಿಕ್ಕಿಸುವಾಗಲೋ ತಿಳಿಯದೆ ಜಾರಿದ ಈ ಗುಂಡಿಯಿಂದಲೇ ಎಷ್ಟೋ ಮಂದಿ ಒಳ್ಳೆಯ ಕಾರ್ಡನ್ನು ಕೆಟ್ಟಿತೆಂದು ಎಸೆಯುತ್ತಾರೆ. ವಿನೋದವೆಂದರೆ ಈ ಬೀಗದ ವಿಷಯ ಕಾರ್ಡಿನೊಳಗಿನ ಶಾನುಭೋಗನಿಗೆ ಗೊತ್ತೇ ಇರುವುದಿಲ್ಲ. ಗುಂಡಿ ಎಲ್ಲಿದೆ ಎಂದು ನೋಡುವುದು ರೀಡರು. ಗುಂಡಿ ಮುರಿದು ಬಿದ್ದುಹೋಗಿದ್ದರೂ ರೀಡರು ಬೀಗ ಬಿದ್ದಿದೆಯೆಂದೇ ತಿಳಿಯುತ್ತದೆ. ಆಗ ಆ ಕಚ್ಚಿನ ಮೇಲೆ ಒಂದು ಚೂರು ತೆಳ್ಳನೆಯ ಸೆಲೋಟೇಪು ಅಂಟಿಸಿದರೆ ಕೆಲಸ ನಡೆಯುವುದುಂಟು. ಅಡಾಪ್ಟರಿನದೇ ದೋಷವಾದರೆ ಬೇರೊಂದು ಅಡಾಪ್ಟರು ಹಾಕಿದರೆ ಮುಗಿಯಿತು.

ಎರಡನೆಯದು ಸಂಪರ್ಕದ ಪರೀಕ್ಷೆ. ಕಾರ್ಡಿನ ಬೆನ್ನ ಮೇಲಿನ ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆವರು, ಧೂಳು ಹತ್ತಿದ್ದರೆ ಮಾತು ನಡುವೆ ತುಂಡಾಗುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದಲೋ ರಬ್ಬರಿನಿಂದಲೋ ಹಗುರವಾಗಿ ಒರೆಸಿ, ರಬ್ಬರಿನ ಪುಡಿಯನ್ನು ಊದಿ ನೋಡಬೇಕು. ಬಳಿಕ ಬೇರೆ ರೀಡರು, ಬೇರೆ ಕಂಪ್ಯೂಟರು. ಹಳೆಯ ರೀಡರುಗಳು ೩೨ ಗಿಗಾಬೈಟಿನವರೆಗಿನ ಕಾರ್ಡುಗಳನ್ನು ಮಾತ್ರ ಬಲ್ಲವು. ೨೦೦೯ರ ನಂತರದ ಹೆಚ್ಚಿನ ಗಾತ್ರದ ಕಾರ್ಡು ಬಂದರೆ ತಬ್ಬಿಬ್ಬಾಗುತ್ತವೆ. ಅಲ್ಲಿ ತಪ್ಪು ಅತಿಥಿಯದಲ್ಲ, ಆತಿಥೇಯನದು.

ಮೂರನೆಯದು ಲೆಕ್ಕಪತ್ರದ ತೊಡಕು. ಕಾರ್ಡಿನಲ್ಲಿ ಕಡತಗಳನ್ನು ಜೋಡಿಸಿಡುವುದಕ್ಕೆ ಬೇರೆ ಬೇರೆ ಪದ್ಧತಿಗಳಿವೆ. ಹಳೆಯದಾದ ‘ಫ್ಯಾಟ್ ೩೨’ ಪದ್ಧತಿಯಲ್ಲಿ ನಾಲ್ಕು ಗಿಗಾಬೈಟಿಗಿಂತ ದೊಡ್ಡ ಕಡತ ಹಿಡಿಯದು. ದೊಡ್ಡ ಕಾರ್ಡುಗಳಿಗೆ ‘ಎಕ್ಸ್‌ಫ್ಯಾಟ್’ ಎಂಬ ಹೊಸ ಪದ್ಧತಿ. ಹಳೆಯ ಕ್ಯಾಮರಾ ಹೊಸ ಪದ್ಧತಿಯನ್ನು ಅರಿಯದು. ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯೋ ಬಹುಕಾಲ ೩೨ ಗಿಗಾಬೈಟಿಗೆ ಮೇಲ್ಪಟ್ಟ ಕಾರ್ಡಿಗೆ ಹಳೆಯ ಪದ್ಧತಿಯನ್ನು ಕೊಡಲೊಲ್ಲದಾಗಿತ್ತು. ಇಬ್ಬರ ನಡುವೆ ಸಿಕ್ಕಿದ ಗೃಹಸ್ಥ ಕಾರ್ಡನ್ನು ಬೈಯುತ್ತಾನೆ. ಇಂಥ ತೊಡಕುಗಳಿಗೆ ಎಸ್. ಡಿ. ಅಸೋಸಿಯೇಷನ್ ಎಂಬ ಸಂಸ್ಥೆಯೇ ಹಣವಿಲ್ಲದೆ ಕೊಡುವ ಫಾರ್ಮ್ಯಾಟರ್ ಉಪಕರಣವನ್ನು ಬಳಸುವುದು ಒಳ್ಳೆಯ ಮಾರ್ಗ. ಕ್ಯಾಮರಾದಲ್ಲಿ ಬಳಸುವ ಕಾರ್ಡನ್ನು ಆ ಕ್ಯಾಮರಾದಲ್ಲಿಯೇ ಫಾರ್ಮ್ಯಾಟ್ ಮಾಡುವುದು ಇನ್ನೂ ಒಳ್ಳೆಯದು.

ಇಂಜಿನಿಯರಿಂಗ್ ಹುಡುಗರ ಕಾರ್ಡಿನ ಕಾಯಿಲೆ ಬೇರೆ ಬಗೆಯದು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಬಳಸಿದ ಕಾರ್ಡಿನೊಳಗೆ ಎರಡು ಕೋಣೆಗಳಿರುತ್ತವೆ. ಒಂದರ ಬೀಗ ಮಾತ್ರ ವಿಂಡೋಸಿಗೆ ತೆರೆಯುತ್ತದೆ. ಮೂವತ್ತೆರಡು ಗಿಗಾಬೈಟಿನ ಕಾರ್ಡು ಅರ್ಧ ಗಿಗಾಬೈಟಿನಷ್ಟೇ ಎಂದು ಕಾಣುವುದು ಇದರಿಂದ. ನಡುಗೋಡೆಯನ್ನು ಕೆಡವಿ ಒಂದೇ ಹಜಾರ ಮಾಡಿದರೆ ಸರಿಹೋಗುತ್ತದೆ. ಇದಕ್ಕೆ ವಿಂಡೋಸಿನಲ್ಲಿ ‘ಡಿಸ್ಕ್‌ಪಾರ್ಟ್’ ಎಂಬ ಆಯುಧವಿದೆ. ಆದರೆ ಅದು ಎರಡು ಅಲಗಿನ ಕತ್ತಿ. ಒಂದನೆಯ ಡಿಸ್ಕಿನ ಬದಲು ಸೊನ್ನೆಯದನ್ನು ಆರಿಸಿ ‘ಕ್ಲೀನ್’ ಎಂದರೆ ಕಾರ್ಡಿಗೆ ಬದಲಾಗಿ ಕಂಪ್ಯೂಟರಿನ ಸರ್ವಸ್ವವೇ ಹೋದೀತು, ‘ಖಂಡಿತವೇ?’ ಎಂದು ಅದು ಮರಳಿ ಕೇಳುವುದೂ ಇಲ್ಲ. ಆದ್ದರಿಂದ ಬಲ್ಲವರು ಮೊದಲು ಪಟ್ಟಿಯನ್ನು ತೆರೆದು, ಗಾತ್ರವನ್ನು ನೋಡಿ, ಕಾರ್ಡನ್ನು ಒಮ್ಮೆ ತೆಗೆದು ಯಾವ ಸಂಖ್ಯೆ ಮಾಯವಾಯಿತೆಂದು ಕಂಡುಕೊಂಡೇ ಮುಂದುವರಿಯುತ್ತಾರೆ.

ಕೌಂಟರಿನ ಬಳಿ

ಇವೆಲ್ಲ ಗುಣವಾಗುವ ಕಾಯಿಲೆಗಳು. ಗುಣವಾಗದ ಒಂದು ಉಂಟು. ಈ ಬೀದಿಯಲ್ಲಿ ಯಾವ ಮಧ್ಯಾಹ್ನವಾದರೂ ನಡೆಯಬಹುದಾದ ಒಂದು ಪ್ರಸಂಗವನ್ನು ಊಹಿಸಿಕೊಂಡರೆ ಅದು ಸ್ಪಷ್ಟವಾಗುತ್ತದೆ.

ಬಸವನಗುಡಿಯ ಕಡೆಯ ಗೃಹಿಣಿಯೊಬ್ಬರು ಕಾಲೇಜಿಗೆ ಹೋಗುವ ಮಗನೊಡನೆ ಕೌಂಟರಿಗೆ ಬಂದು ನಿಲ್ಲುತ್ತಾರೆ. ಮುಂದಿನ ವಾರ ಮನೆಯಲ್ಲಿ ಉಪನಯನ. ಹಳೆಯ ಕ್ಯಾಮರಾ ಚೆನ್ನಾಗಿಯೇ ಇದೆ; ಕಾರ್ಡು ಮಾತ್ರ ತುಂಬಿದೆ, ಅಳಿಸಹೋದರೆ ಅಳಿಯುತ್ತಿಲ್ಲ. ಅಂಗಡಿಯ ಯುವಕ ಕಾರ್ಡನ್ನು ರೀಡರಿಗೆ ಸಿಕ್ಕಿಸುತ್ತಾನೆ. ಗುಂಡಿ ಸರಿಯಾಗಿದೆ. ಪಟ್ಟಿಗಳು ಶುಭ್ರವಾಗಿವೆ. ಚಿತ್ರಗಳೆಲ್ಲ ಸರಸರನೆ ತೆರೆಯುತ್ತವೆ.

“ಅಮ್ಮಾ, ಇದ್ರಲ್ಲಿರೋದೆಲ್ಲ ಬೇರೆ ಕಡೆ ಕಾಪಿ ಆಗಿದೆಯಾ?”

“ಆಗಿದೆಯಪ್ಪಾ, ಮನೆ ಕಂಪ್ಯೂಟರಿಗೆ ಆಗಲೇ ಹಾಕಿದ್ವಿ.”

ಯುವಕ ಒಂದೆರಡು ಚಿತ್ರಗಳನ್ನು ಅಳಿಸುತ್ತಾನೆ. ಅಳಿಯುತ್ತವೆ. ಕಾರ್ಡನ್ನು ಹೊರಗೆ ತೆಗೆದು ಮತ್ತೆ ಸಿಕ್ಕಿಸುತ್ತಾನೆ. ಅಳಿಸಿದ ಚಿತ್ರಗಳು ಏನೂ ಆಗದವರಂತೆ ಮೊದಲಿನ ಜಾಗದಲ್ಲಿಯೇ ನಗುತ್ತ ಕುಳಿತಿವೆ. ಅವನು ಕುರ್ಚಿಗೆ ಒರಗುತ್ತಾನೆ.

“ಇದು ರಿಪೇರಿ ಆಗಲ್ಲಮ್ಮಾ. ಬರೆಯೋ ಶಕ್ತಿ ಹೋಗಿದೆ, ಓದೋದು ಮಾತ್ರ ಉಳಿದಿದೆ. ಹೊಸದು ತಗೊಳ್ಳಿ.”

“ಹಾಗಾದ್ರೆ ಇದನ್ನ ಇಲ್ಲೇ ಬಿಸಾಕಿಬಿಡು.”

ಅಷ್ಟು ಹೊತ್ತು ಸುಮ್ಮನಿದ್ದ ಮಗ ತಾಯಿಯ ತೋಳನ್ನು ಮುಟ್ಟುತ್ತಾನೆ. “ಅಮ್ಮಾ, ಯಾವ ಕಂಪ್ಯೂಟರು? ಹಳೇದನ್ನ ಮನೆ ಬದಲಾಯಿಸುವಾಗ ಕೊಟ್ಟುಬಿಟ್ವಲ್ಲ.”

ತೆರೆಯ ಮೇಲೆ ಒಬ್ಬ ವೃದ್ಧರು ಕಲಶಗಳ ಮುಂದೆ ಕುಳಿತಿದ್ದಾರೆ; ಹೆಗಲ ಮೇಲೆ ಜರಿಯ ಶಾಲು. ಗೃಹಿಣಿಯ ಮಾವನವರ ಸಹಸ್ರಚಂದ್ರದರ್ಶನ ಶಾಂತಿಯ ದಿನ. ಅವರು ತೀರಿಕೊಂಡು ವರ್ಷಗಳಾಗಿವೆ. ಆ ದಿನದ ಚಿತ್ರಗಳು ಈಗ ಜಗತ್ತಿನಲ್ಲಿ ಇರುವುದು ಈ ಒಂದು ಬಿಲ್ಲೆಯಲ್ಲಿ ಮಾತ್ರ. ತಾಯಿಯೂ ಮಗನೂ ಮೂರು ದಿನಗಳಿಂದ ಅದನ್ನು ಅಳಿಸಲು ಪ್ರಯತ್ನಿಸುತ್ತಿದ್ದರು.

ಯುವಕ ಮಾತನಾಡದೆ ಒಂದು ಪೆನ್‌ಡ್ರೈವನ್ನು ಸಿಕ್ಕಿಸಿ ಎಲ್ಲವನ್ನೂ ನಕಲು ಮಾಡತೊಡಗುತ್ತಾನೆ. ಹಸಿರು ಪಟ್ಟಿ ಮೆಲ್ಲಗೆ ತೆವಳುತ್ತದೆ. ಅದು ಕೊನೆ ಮುಟ್ಟುವವರೆಗೆ ಗೃಹಿಣಿ ಕೌಂಟರಿನ ಗಾಜಿನ ಮೇಲಿಟ್ಟ ಕೈಯನ್ನು ತೆಗೆಯುವುದಿಲ್ಲ.

ಹಟದ ಹಿಂದಿನ ಗುಟ್ಟು

ಇಂಥ ಕಾರ್ಡಿನಲ್ಲಿ ನಡೆದದ್ದೇನು? ಕೋಶಗಳ ಗೋಡೆಗಳು ಸವೆದು, ಬದಲಿ ಕೋಶಗಳ ದಾಸ್ತಾನು ಮುಗಿದಾಗ, ಇಲ್ಲವೇ ಒಳಗೆ ದೊಡ್ಡ ದೋಷವೊಂದು ಕಂಡುಬಂದಾಗ ಕಂಟ್ರೋಲರು ಒಂದು ಕಠಿಣ ನಿರ್ಧಾರ ಮಾಡುತ್ತದೆ. ಇನ್ನು ಮುಂದೆ ಬರೆಯಹೋದರೆ ಇರುವುದೂ ಹಾಳಾದೀತೆಂದು ಬರೆಯುವ ಬಾಗಿಲನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಓದುವ ಕಿಟಕಿಯೊಂದನ್ನು ಮಾತ್ರ ತೆರೆದಿಡುತ್ತದೆ. ಕೆಲವು ಕಾರ್ಡುಗಳು ಅಳಿಸಿದಂತೆ ನಟಿಸಿ ಮರಳಿ ಹಳೆಯದನ್ನೇ ತೋರಿಸುತ್ತವೆ. ಕೆಲವು ನೇರವಾಗಿ ನಿರಾಕರಿಸುತ್ತವೆ. ಯಾವ ಉಪಕರಣದಿಂದಲೂ ಈ ಬಾಗಿಲನ್ನು ಮನೆಯಲ್ಲಿ ತೆರೆಯಲಾಗದು. ಇದು ಯಜಮಾನನ ಸೊತ್ತನ್ನು ಉಳಿಸಲು ಆಳು ಕೊನೆಯುಸಿರಿನಲ್ಲಿ ಮಾಡುವ ಸೇವೆ. ಆ ಕಿಟಕಿ ಎಷ್ಟು ದಿನ ತೆರೆದಿರುವುದೆಂದು ಯಾರೂ ಹೇಳಲಾರರು. ಆದ್ದರಿಂದ ಫಾರ್ಮ್ಯಾಟ್ ಆಗದ ಕಾರ್ಡು ಕೈಗೆ ಬಂದಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ ‘ಇದನ್ನು ಅಳಿಸುವುದು ಹೇಗೆ?’ ಎಂಬುದಲ್ಲ, ‘ಇದರೊಳಗೆ ಏನಿದೆ, ಅದು ಬೇರೆಲ್ಲಿಯಾದರೂ ಇದೆಯೇ?’ ಎಂಬುದು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಕಾರ್ಡನ್ನು ಸಿಕ್ಕಿಸಿದೊಡನೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕಂಪ್ಯೂಟರು ತಾನಾಗಿಯೇ ಕೇಳುವುದುಂಟು. ಅದರ ಅರ್ಥ ಕಾರ್ಡು ಖಾಲಿ ಎಂದಲ್ಲ. ಅದರ ವಿಷಯಸೂಚಿ ತನಗೆ ಅರ್ಥವಾಗಲಿಲ್ಲ ಎಂದಷ್ಟೇ. ಫೋನಿನೊಳಗೆ ಅಂತರಂಗದ ಸಂಗ್ರಹವಾಗಿ ಜೋಡಿಸಿಕೊಂಡ ಕಾರ್ಡು ಆ ಫೋನಿನ ಗುಪ್ತಲಿಪಿಯಲ್ಲಿ ಬರೆದಿರುವುದರಿಂದ ಮತ್ತಾರಿಗೂ ತಿಳಿಯದು. ಮರಳಿ ಅದೇ ಫೋನಿಗೆ ಹಾಕಿದರೆ ಎಲ್ಲವೂ ಇದ್ದಲ್ಲೇ ಇರುತ್ತದೆ. ಅವಸರದಲ್ಲಿ ‘ಹೂಂ’ ಎಂದವರು ಆಮೇಲೆ ಪರಿತಪಿಸುತ್ತಾರೆ. ಹಾಗೆ ಪರಿತಪಿಸುವವರಿಗೂ ಒಂದು ಆಸರೆಯಿದೆ. ಹರಿದದ್ದು ಸೂಚಿ ಮಾತ್ರವಾಗಿದ್ದು, ಹೊಸದೇನನ್ನೂ ಬರೆಯದೆ ಕಾರ್ಡನ್ನು ಕೂಡಲೆ ತೆಗೆದಿಟ್ಟಿದ್ದರೆ ‘ಫೋಟೊರೆಕ್’ ಮುಂತಾದ ಉಪಕರಣಗಳು ಪುಟಪುಟವನ್ನೂ ತಡಕಿ ಚಿತ್ರಗಳನ್ನು ಹೊರತೆಗೆಯಬಲ್ಲವು.

ಕಾರ್ಡು ಪೂರ್ತಿ ಮೌನ ತಾಳಿದರೆ ಮಾತ್ರ ಸಂಗತಿ ಕಠಿಣ. ಮೈಕ್ರೊ ಎಸ್. ಡಿ. ಕಾರ್ಡಿನಲ್ಲಿ ಕೋಶಗಳೂ ಕಂಟ್ರೋಲರೂ ಒಂದೇ ಅಚ್ಚಿನಲ್ಲಿ ಸೇರಿಹೋಗಿರುತ್ತವೆ. ಮೇಲಿನ ಲೇಪವನ್ನು ಕೆರೆದು, ಅಡಿಯಲ್ಲಿ ಅಡಗಿದ ಬಿಂದುಗಳಿಗೆ ಕೂದಲೆಳೆಯಂಥ ತಂತಿಗಳನ್ನು ಬೆಸೆದು ನೆನಪನ್ನು ಹೊರಗೆಳೆಯಬೇಕು. ಇದು ಬೀದಿಯ ಕೌಂಟರಿನ ಕೆಲಸವಲ್ಲ, ಪ್ರಯೋಗಾಲಯದ ಕೆಲಸ. ಖರ್ಚೂ ಅದಕ್ಕೆ ತಕ್ಕ ಹಾಗೆ. ತಿಳಿದ ಅಂಗಡಿಕಾರ ಅದನ್ನು ಮೊದಲೇ ಹೇಳಿ ಕೈಮುಗಿಯುತ್ತಾನೆ. ತಿಳಿಯದವನು ಸುಮ್ಮನೆ ಬಿಸಿ ಮಾಡಿ ನೋಡುತ್ತಾನೆ. ಕಾರ್ಡು ಕೊಡುವವರು ಈ ಇಬ್ಬರ ಭೇದವನ್ನು ಅರಿತಿರಬೇಕು.

ಹುಸಿ ಬಿಲ್ಲೆ

ಫಾರ್ಮ್ಯಾಟ್ ಆಗದಿರುವುದಕ್ಕೆ ಇನ್ನೊಂದು ಕಾರಣ ರೋಗವಲ್ಲ, ಮೋಸ. ಎಂಟು ಗಿಗಾಬೈಟಿನ ಬಿಲ್ಲೆಯ ಕಂಟ್ರೋಲರಿಗೆ ಸುಳ್ಳು ಪಾಠ ಹೇಳಿಕೊಟ್ಟು, ‘ನನ್ನ ಗಾತ್ರ ೧೨೮’ ಎಂದು ಅದರ ಬಾಯಿಂದಲೇ ಹೇಳಿಸುವ ಕಳ್ಳವಿದ್ಯೆ ಜಗತ್ತಿನ ಎಲ್ಲ ಪೇಟೆಗಳಲ್ಲಿಯೂ ಇದೆ. ಮನೆಬಾಗಿಲಿಗೆ ತರಿಸುವ ಅಂತರ್ಜಾಲದ ಅಂಗಡಿಗಳೂ ಅದಕ್ಕೆ ಹೊರತಲ್ಲ. ಮೊದಲ ಎಂಟು ಗಿಗಾಬೈಟು ಸರಿಯಾಗಿ ತುಂಬುತ್ತದೆ. ಬಳಿಕ ಬರೆದದ್ದು ಗಾಳಿಗೆ ಹೋಗುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬೀಳುತ್ತದೆ. ಚಿತ್ರದ ಹೆಸರು ಕಾಣುತ್ತದೆ. ತೆರೆದರೆ ಬೂದು ಬಣ್ಣ. ಮದುವೆ ಮನೆಯ ಛಾಯಾಗ್ರಾಹಕನಿಗೆ ಧಾರೆಯ ಹೊತ್ತಿನ ಚಿತ್ರಗಳೇ ಹೀಗೆ ಹೋದರೆ ಅದಕ್ಕೆ ಪರಿಹಾರವೆಲ್ಲಿ? ಮುಹೂರ್ತವನ್ನು ಮತ್ತೆ ಇಡಲಾಗದು.

ಪರೀಕ್ಷೆ ಸುಲಭ. ಕಾರ್ಡನ್ನು ಕೊಂಡ ದಿನವೇ ತುದಿಯವರೆಗೆ ತುಂಬಿಸಿ ಮರಳಿ ಓದಿಸಿ ನೋಡಬೇಕು. ಇದಕ್ಕೆಂದೇ ‘ಎಚ್ ೨ ಟೆಸ್ಟ್ ಡಬ್ಲ್ಯು’, ‘ಎಫ್ ೩’ ಎಂಬ ಉಪಕರಣಗಳು ಹಣವಿಲ್ಲದೆ ದೊರೆಯುತ್ತವೆ. ಕೆಲವು ಗಂಟೆಗಳ ಕಾಲ ಕಾಯಬೇಕಾಗುತ್ತದೆ, ಅಷ್ಟೇ. ಸರಕಿನ ಬೆಲೆ ನಂಬಲಾರದಷ್ಟು ಅಗ್ಗವಾಗಿದ್ದರೆ ನಂಬದಿರುವುದೇ ವಿವೇಕ. ರಸೀದಿ ಕೇಳಿ ಪಡೆಯುವುದು ಇನ್ನೂ ದೊಡ್ಡ ವಿವೇಕ. ಒಳ್ಳೆಯ ಕಂಪನಿಗಳ ಕಾರ್ಡುಗಳಿಗೆ ಹಲವು ವರ್ಷಗಳ ವಾರಂಟಿ ಇರುತ್ತದೆ, ರಸೀದಿ ತೋರಿಸಿದರೆ ಬದಲಾಯಿಸಿಕೊಡುತ್ತಾರೆ. ಹಗಲಿರುಳೂ ಬರೆಯುವ ಕಾವಲು ಕ್ಯಾಮರಾಕ್ಕೂ ಕಾರಿನ ಕ್ಯಾಮರಾಕ್ಕೂ ಹೆಚ್ಚು ಬಾಳಿಕೆಯ ಕಾರ್ಡುಗಳೇ ಬೇರೆ ಉಂಟು. ಸಾಮಾನ್ಯ ಕಾರ್ಡನ್ನು ಅಲ್ಲಿ ದುಡಿಸಿದರೆ ಅದು ಬೇಗನೆ ಸವೆದು ಕೈಕೊಡುತ್ತದೆ.

ವಾರಂಟಿಗೆ ಕೊಡುವಾಗ ಒಂದು ಧರ್ಮಸಂಕಟ ಎದುರಾಗುತ್ತದೆ. ಅಳಿಸಲಾಗದ ಕಾರ್ಡನ್ನು ಮರಳಿಸಿದರೆ ಮನೆಯ ಹೆಣ್ಣುಮಕ್ಕಳ ಚಿತ್ರಗಳೂ ಬ್ಯಾಂಕಿನ ಕಾಗದದ ಪ್ರತಿಗಳೂ ಅದರೊಡನೆ ಹೋಗುತ್ತವೆ. ಖಾಸಗಿ ಸಂಗತಿಗಳಿರುವ ಕಾರ್ಡಾದರೆ ಕೆಲವು ನೂರು ರೂಪಾಯಿಯ ಆಸೆಯನ್ನು ಬಿಟ್ಟು, ಬೇಕಾದದ್ದನ್ನು ನಕಲು ಮಾಡಿಕೊಂಡು, ಗಟ್ಟಿ ಕತ್ತರಿಯಿಂದ ಬಿಲ್ಲೆಯನ್ನು ಎರಡು ಮೂರು ತುಂಡು ಮಾಡಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದೇ ಕ್ಷೇಮ. ಹಳೆಯ ಫೋನನ್ನು ಮಾರುವವರು ಅದರೊಳಗಿನ ಕಾರ್ಡನ್ನು ಮರೆಯದೆ ತೆಗೆದುಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಶೀಘ್ರ ಫಾರ್ಮ್ಯಾಟ್ ಮಾಡಿದೆನೆಂಬ ಧೈರ್ಯ ಸಾಲದು. ಸೂಚಿ ಹರಿದ ಪುಸ್ತಕವನ್ನು ಓದಬಲ್ಲವರು ಈ ಒಂದೇ ಬೀದಿಯಲ್ಲಿ ಎಷ್ಟೋ ಮಂದಿ ಇದ್ದಾರೆ.

ಪೇಟೆಯ ಪಾಠ

ಈ ರಸ್ತೆಯಿಂದ ಕೂಗಳತೆಯ ದೂರದಲ್ಲಿ, ಅದೇ ನಗರ್ತಪೇಟೆಯ ಮಗ್ಗುಲಲ್ಲಿ, ಧರ್ಮರಾಯಸ್ವಾಮಿಯ ಗುಡಿಯಿದೆ. ಚೈತ್ರ ಪೂರ್ಣಿಮೆಯ ರಾತ್ರಿ ಅಲ್ಲಿಂದ ಹೊರಡುವ ಕರಗ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಮಸ್ತಾನ್ ಸಾಹೇಬರ ದರ್ಗಾದಲ್ಲಿ ನಿಂತು, ಬೆಳಗಿನ ಹೊತ್ತಿಗೆ ಗುಡಿಗೆ ಮರಳುತ್ತದೆ. ತಿಗಳರು ಈ ಸಂಪ್ರದಾಯವನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿಲ್ಲ. ಅಜ್ಜನಿಂದ ಮೊಮ್ಮಗನಿಗೆ, ಒಬ್ಬರಿಂದ ಹಲವರಿಗೆ, ವರುಷ ವರುಷವೂ ಹೊಸದಾಗಿ ಕೈದಾಟಿಸುತ್ತ ಬಂದಿದ್ದಾರೆ. ಉಳಿದದ್ದು ಅದರಿಂದ.

ಮನೆಯ ನೆನಪುಗಳಿಗೂ ಇದೇ ನಿಯಮ. ಬಿಲ್ಲೆ ಎಷ್ಟೇ ಒಳ್ಳೆಯದಾದರೂ ಅದು ದಾರಿಯ ಛತ್ರ, ಮನೆಯಲ್ಲ. ಬಳಸದೆ ಬೀರುವಿನಲ್ಲಿಟ್ಟ ಕಾರ್ಡಿನಲ್ಲಿಯೂ ವರ್ಷಗಳು ಕಳೆದಂತೆ ವಿದ್ಯುತ್ ಕಣಗಳು ಮೆಲ್ಲಮೆಲ್ಲನೆ ಸೋರಿಹೋಗಬಹುದು. ಆದ್ದರಿಂದ ಹಬ್ಬ ಮುಗಿದ ವಾರದೊಳಗೆ ಚಿತ್ರಗಳನ್ನು ಎರಡು ಬೇರೆ ಬೇರೆ ಕಡೆಗೆ ನಕಲು ಮಾಡಿ, ಅವು ತೆರೆಯುತ್ತವೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಕಾರ್ಡನ್ನು ಅಳಿಸತಕ್ಕದ್ದು. ಹಳೆಯ ಕಂಪ್ಯೂಟರನ್ನು ಮನೆಯಿಂದ ಕಳಿಸುವ ಮೊದಲು ಅದರೊಳಗೆ ಏನಿತ್ತೆಂದು ಒಮ್ಮೆ ನೋಡತಕ್ಕದ್ದು. ಬಹಳ ಮುಖ್ಯವಾದ ನಾಲ್ಕಾರು ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದರಂತೂ ಅವುಗಳನ್ನು ನೋಡಲು ಯಾವ ರೀಡರಿನ ಹಂಗೂ ಬೇಡ.

ಸಂಜೆಯ ದೀಪ ಹೊತ್ತಿಕೊಂಡಾಗ ಎಸ್. ಪಿ. ರಸ್ತೆಯಲ್ಲಿ ಜನಸಂದಣಿ ಇನ್ನೂ ಏರುತ್ತದೆ. ಕಚೇರಿ ಬಿಟ್ಟು ಬಂದವರು, ಕಾಲೇಜು ಮುಗಿಸಿ ಬಂದವರು ಅಂಗಡಿಗಳ ಮುಂದೆ ಸಾಲುಗಟ್ಟುತ್ತಾರೆ. ಭಾನುವಾರ ಬಹಳಷ್ಟು ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವಂತೂ ಕಾಲಿಡಲು ಎಡೆಯಿಲ್ಲ. ಯಾರದೋ ಮೊಬೈಲು, ಯಾರದೋ ಕ್ಯಾಮರಾ, ಯಾರದೋ ಅಂಗಡಿಯ ಕಾವಲು ಯಂತ್ರ. ಎಲ್ಲರ ಬಾಯಲ್ಲೂ ಒಂದೇ ದೂರು: ‘ಫಾರ್ಮ್ಯಾಟ್ ಆಗ್ತಿಲ್ಲ ಸಾರ್.’ ಕೌಂಟರಿನ ಹಿಂದಿನ ಯುವಕ ಕಾರ್ಡನ್ನು ದೀಪಕ್ಕೆ ಹಿಡಿದು ಅಂಚಿನ ಗುಂಡಿಯನ್ನು ನೋಡುತ್ತಾನೆ, ರಬ್ಬರಿನಿಂದ ಒರೆಸುತ್ತಾನೆ, ರೀಡರಿಗೆ ಸಿಕ್ಕಿಸುತ್ತಾನೆ. ಅಳಿಸುವ ಗುಂಡಿಯ ಮೇಲೆ ಬೆರಳಿಡುವ ಮುನ್ನ ತಲೆಯೆತ್ತಿ ಗಿರಾಕಿಯ ಮುಖವನ್ನೊಮ್ಮೆ ನೋಡಿ, “ಕಾಪಿ ಇದೆಯಾ?” ಎಂದು ಕೇಳುತ್ತಾನೆ.